ನಾಯಿಯ ಕಾಲಿನ ಮೂಳೆ ಮುರಿದರೆ: ಆಪರೇಷನ್ನಿಗೆ ಮುಂಚೆ, ಆಪರೇಷನ್ನಿನಲ್ಲಿ, ಆಮೇಲೆ

ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಆಪರೇಷನ್ ಮಾಡಿ ಹಾಕುವ ಪ್ಲೇಟು, ಪಿನ್ನು, ತಂತಿಗಳದು ಅಲ್ಲಿಯವರೆಗೆ ತುಂಡುಗಳನ್ನು ಅಲುಗದ ಹಾಗೆ ಹಿಡಿದಿಡುವ ಕೆಲಸ. ಆ ಹಿಡಿತಕ್ಕೂ ಆಯಸ್ಸು ಇದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಒಂದು ಹೊತ್ತಿಗೆ ತುಂಡಾಗುವ ಹಾಗೆ, ನಾಯಿ ಹೆಜ್ಜೆ ಊರಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಬಾಗುವ ಪ್ಲೇಟೂ ದಣಿಯುತ್ತದೆ. ಅದು ಮುರಿಯುವುದರೊಳಗೆ ಮೂಳೆ ಕೂಡಬೇಕು. ಯಾವ ಲೋಹ, ಎಷ್ಟು ಸ್ಕ್ರೂ, ಎಷ್ಟು ವಾರ ಕಟ್ಟಿಹಾಕಬೇಕು ಎಂಬ ಪ್ರಶ್ನೆಗಳೆಲ್ಲದರ ಹಿಂದೆ ಇರುವುದು ಈ ಲೆಕ್ಕವೇ.

ಮೊದಲ ಗಂಟೆಯಲ್ಲಿ

ವಾಹನ ತಾಗಿಯೋ ಎತ್ತರದಿಂದ ಬಿದ್ದೋ ಕಾಲು ಮುರಿದುಕೊಂಡ ನಾಯಿಯಲ್ಲಿ ಮೊದಲು ನೋಡಬೇಕಾದದ್ದು ಕಾಲನ್ನಲ್ಲ, ಉಸಿರನ್ನು. ಒಸಡು ಬಿಳಿಚಿದೆಯೇ, ಉಸಿರಾಟ ಕಷ್ಟವಾಗಿದೆಯೇ, ರಕ್ತ ಚಿಮ್ಮುತ್ತಿದೆಯೇ ಎಂದು ಗಮನಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ಒಂದು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ.

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮೆತ್ತನೆಯ ಪಟ್ಟಿಯಿಂದ ಬಾಯಿ ಕಟ್ಟಬಹುದು. ಆದರೆ ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಅಥವಾ ಚಪ್ಪಟೆ ಮೂತಿಯ ತಳಿಯಾಗಿದ್ದರೆ ಕಟ್ಟಲೇಬಾರದು. ಹಲಗೆಯ ಮೇಲೆ ಅಥವಾ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೆ ಮಲಗಿಸಿ, ಮುರಿದ ಕಾಲು ಮೇಲ್ಬದಿಗೆ ಬರುವಂತೆ ಸಾಗಿಸಿ.

ಮೂಳೆ ಚರ್ಮ ಸೀಳಿ ಹೊರಗೆ ಬಂದಿದ್ದರೆ ಒಳಕ್ಕೆ ತಳ್ಳಬೇಡಿ. ಹೊರಗಿನ ಕೊಳೆಯೂ ಅದರ ಜೊತೆ ಒಳಗೆ ಹೋಗುತ್ತದೆ. ಸಲೈನ್ ಅಥವಾ ಶುದ್ಧ ನೀರಿನಲ್ಲಿ ನೆನೆಸಿದ ಬಟ್ಟೆ ಮುಚ್ಚಿ, ಸಡಿಲವಾಗಿ ಸುತ್ತಿ. ಅರಿಸಿನ, ಪುಡಿ, ಮುಲಾಮು ಏನನ್ನೂ ಹಚ್ಚಬೇಡಿ.

ಮನೆಯಲ್ಲೇ ಕಡ್ಡಿ ಕಟ್ಟುವ ವಿಚಾರದಲ್ಲಿ ತಪ್ಪು ಬಹಳ. ಕಟ್ಟು ಕೆಲಸ ಮಾಡಬೇಕಾದರೆ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅದರೊಳಗೆ ಬರಬೇಕು. ಮುಂಗಾಲಿನಲ್ಲಿ ಮೊಣಕೈ ಕೆಳಗೆ, ಹಿಂಗಾಲಿನಲ್ಲಿ ಮಂಡಿಯ ಕೆಳಗೆ ಮುರಿದಿದ್ದರೆ ಅದು ಸಾಧ್ಯ. ತೊಡೆಮೂಳೆಗೋ ತೋಳಿನ ಮೂಳೆಗೋ ಕಟ್ಟಿದ ಕಡ್ಡಿ ಮುರಿದ ಜಾಗದ ಕೆಳಗೆ ಭಾರವಾಗಿ ಜೋತುಬೀಳುತ್ತದೆ. ಅಲುಗಾಟ ನಿಲ್ಲುವ ಬದಲು ಹೆಚ್ಚಾಗುತ್ತದೆ, ಮೂಳೆಯ ಚೂಪು ತುದಿ ಒಳಗಿನ ಸ್ನಾಯುವನ್ನು ಕೊರೆಯುತ್ತದೆ. ಅಂಥ ಮುರಿತವನ್ನು ಹಾಗೇ ಬಿಟ್ಟು ನಾಯಿಯನ್ನು ಅಲುಗದಂತೆ ಮಲಗಿಸುವುದೇ ಸರಿ.

ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತು ಹೋಗುತ್ತದೆ. ಇನ್ನೊಂದು ತೊಂದರೆಯೂ ಇದೆ: ಮನೆಯಲ್ಲಿ ಒಂದು ಮಾತ್ರೆ ಕೊಟ್ಟುಬಿಟ್ಟರೆ ವೈದ್ಯರು ಸರಿಯಾದ ನೋವಿನ ಔಷಧಿಯನ್ನು ತಕ್ಷಣ ಕೊಡಲಾಗದೆ ಕಾಯಬೇಕಾಗುತ್ತದೆ. ತಿನ್ನಲೂ ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. ಕೊನೆಯ ಬಾರಿ ಯಾವಾಗ ತಿಂದಿತು ಎಂಬುದನ್ನು ನೆನಪಿಟ್ಟು ಹೇಳಿ.

ಆಸ್ಪತ್ರೆಯಲ್ಲಿ: ಕಾಲಿಗೆ ಮುಂಚೆ ಎದೆ

"ಕಾಲು ಮುರಿದಿದೆ, ಇವತ್ತೇ ಯಾಕೆ ಆಪರೇಷನ್ ಮಾಡುತ್ತಿಲ್ಲ?" ಎಂದು ಕೇಳದ ಮಾಲೀಕರಿಲ್ಲ. ಗುದ್ದಿದ ಪೆಟ್ಟಿಗೆ ಶ್ವಾಸಕೋಶ ಕಂದಿದ್ದರೆ ಅದು ಮೊದಲ 24ರಿಂದ 48 ಗಂಟೆಗಳಲ್ಲಿ ಇನ್ನೂ ಹದಗೆಡುತ್ತದೆ. ಹೃದಯದ ಬಡಿತ ತಪ್ಪುವುದೂ ಎಷ್ಟೋ ಸಲ ಮಾರನೇ ದಿನವೇ ಕಾಣಿಸಿಕೊಳ್ಳುತ್ತದೆ. ಎದೆಯಲ್ಲಿ ಗಾಳಿ ಸೇರಿಕೊಂಡಿರಬಹುದು, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಹರಿದಿರಬಹುದು, ಮೂತ್ರಕೋಶ ಒಡೆದಿರಬಹುದು. ಇವನ್ನು ನೋಡದೆ ಅರಿವಳಿಕೆ ಕೊಟ್ಟರೆ ನಾಯಿ ಕಳೆದುಕೊಳ್ಳುವುದು ಕಾಲನ್ನಲ್ಲ, ಪ್ರಾಣವನ್ನು. ಆದ್ದರಿಂದ ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನ್, ರಕ್ತಪರೀಕ್ಷೆ, ಇಸಿಜಿ ಮೊದಲು. ಚರ್ಮ ಹರಿಯದ ಮುರಿತ ಸರಿಯಾದ ನೋವಿನ ಔಷಧಿಯ ಕೆಳಗೆ ಎರಡು ಮೂರು ದಿನ ಕಾದರೆ ನಷ್ಟವೇನಿಲ್ಲ. ವಾರ ದಾಟಿದರೆ ಮಾತ್ರ ಸ್ನಾಯುಗಳು ಕುಗ್ಗಿ, ತುಂಡುಗಳು ಒಂದರ ಮೇಲೊಂದು ಏರಿ ಕೂತು, ಎಳೆದು ಜೋಡಿಸುವುದೇ ಕಷ್ಟವಾಗುತ್ತದೆ.

ಈ ಕಾಯುವಿಕೆ ಎಲ್ಲಕ್ಕೂ ಅನ್ವಯಿಸುವುದಿಲ್ಲ. ಚರ್ಮ ಹರಿದ ಮುರಿತದಲ್ಲಿ ಆಂಟಿಬಯೋಟಿಕ್ ಎಷ್ಟು ಬೇಗ ರಕ್ತನಾಳಕ್ಕೆ ಹೋದರೆ ಅಷ್ಟು ಒಳ್ಳೆಯದು. ಗಾಯವನ್ನೂ ಆದಷ್ಟು ಬೇಗ ಧಾರಾಳ ಸಲೈನಿನಿಂದ ತೊಳೆದು, ಸತ್ತ ಮಾಂಸವನ್ನು ತೆಗೆಯಬೇಕು. 1 ಸೆಂ.ಮೀ.ಗಿಂತ ಚಿಕ್ಕ ಗಾಯವಿದ್ದು ಮೂಳೆ ಒಳಗಿನಿಂದ ಚುಚ್ಚಿದ್ದರೆ ಅದು ಮೊದಲ ದರ್ಜೆ, ಅದಕ್ಕಿಂತ ದೊಡ್ಡದಾದರೆ ಎರಡನೆಯದು, ಚರ್ಮ ಮಾಂಸವೆಲ್ಲ ಕಿತ್ತುಹೋಗಿದ್ದರೆ ಮೂರನೆಯದು. ಈ ದರ್ಜೆಯನ್ನು ಕೇಳಿ ತಿಳಿದುಕೊಳ್ಳಿ, ಸೋಂಕಿನ ಅಪಾಯದ ಅಂದಾಜು ಸಿಗುತ್ತದೆ. ಕೀಲಿನೊಳಗೆ ಹಾದುಹೋದ ಮುರಿತ, ಮರಿಗಳ ಬೆಳವಣಿಗೆ ಪದರದ (ತುದಿಯಲ್ಲಿದ್ದು ಮೂಳೆಯನ್ನು ಉದ್ದ ಬೆಳೆಸುವ ಭಾಗದ) ಮುರಿತ ಇವೂ ಬಹಳ ದಿನ ಕಾಯುವಂಥವಲ್ಲ.

ಕಾಲಿನ ಎಕ್ಸ್-ರೇ ಎಂದರೆ ಕನಿಷ್ಠ ಎರಡು: ಒಂದು ಪಕ್ಕದಿಂದ, ಒಂದು ಎದುರಿನಿಂದ. ಎರಡರಲ್ಲೂ ಮೇಲಿನ, ಕೆಳಗಿನ ಕೀಲು ಕಾಣಬೇಕು. ಪಕ್ಕದಿಂದ ನೇರವಾಗಿ ಕಾಣುವ ಮೂಳೆ ಎದುರಿನಿಂದ ಪೂರ್ತಿ ಜಾರಿಹೋಗಿರುವುದು ಸಾಮಾನ್ಯ. ಪ್ಲೇಟ್ ಹಾಕುವುದಾದರೆ ಸರಿಯಿರುವ ಕಾಲಿನದೂ ಒಂದು ಚಿತ್ರ ಬೇಕು. ಮೂಳೆಯ ಸಹಜ ಉದ್ದ ಮತ್ತು ಬಾಗು ಅದರಲ್ಲಿ ಸಿಗುತ್ತದೆ, ಪ್ಲೇಟಿನ ಅಳತೆ ನಿರ್ಧಾರವಾಗುವುದು ಅದರಿಂದಲೇ. ಇವನ್ನೆಲ್ಲ ಮಂಪರು ಔಷಧಿ ಕೊಟ್ಟೇ ತೆಗೆಯುವುದು ಮೇಲು.

ಪೆಟ್ಟೇ ಬೀಳದೆ, ಸುಮ್ಮನೆ ಜಿಗಿದಾಗ ಮೂಳೆ ಮುರಿದಿದ್ದರೆ ಲೋಹದ ಮಾತನ್ನು ಪಕ್ಕಕ್ಕಿಡಿ. ದೊಡ್ಡ ತಳಿಯ ವಯಸ್ಸಾದ ನಾಯಿಯಾದರೆ ಮೂಳೆಯ ಕ್ಯಾನ್ಸರ್ ಇದೆಯೇ ಎಂದು ಮೊದಲು ನೋಡಬೇಕು. ಬರೀ ಮಾಂಸ ತಿಂದು ಬೆಳೆದ ಮರಿಯಾದರೆ ಕ್ಯಾಲ್ಸಿಯಂ ಸಾಲದೆ ಮೂಳೆ ಕಾಗದದಷ್ಟು ತೆಳುವಾಗಿರುತ್ತದೆ, ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅಲ್ಲಿ ಮೊದಲ ಚಿಕಿತ್ಸೆ ಸಮತೋಲನದ ಆಹಾರ ಮತ್ತು ವಿಶ್ರಾಂತಿ.

ಪ್ಲಾಸ್ಟರ್ ಯಾವಾಗ ಸಾಕು

ಮುರಿದ ಮೂಳೆಯ ಮೇಲೆ ಐದು ರೀತಿಯ ಬಲಗಳು ಬೀಳುತ್ತವೆ: ಬಾಗಿಸುವುದು, ತಿರುಚುವುದು, ಅದುಮುವುದು, ಜಾರಿಸುವುದು, ಎಳೆಯುವುದು. ಪ್ಲಾಸ್ಟರ್ ಬಾಗುವುದನ್ನು ಚೆನ್ನಾಗಿ ತಡೆಯುತ್ತದೆ, ತಿರುಚುವುದನ್ನು ಒಂದಿಷ್ಟು ತಡೆಯುತ್ತದೆ. ಮಿಕ್ಕದ್ದು ಅದರಿಂದ ಆಗದು. ಹಾಗಾಗಿ ಅದಕ್ಕೆ ಒಪ್ಪುವುದು ಮೊಣಕೈ ಅಥವಾ ಮಂಡಿಯ ಕೆಳಗಿನ, ಅಡ್ಡಡ್ಡ ಮುರಿದ, ತುದಿಗಳು ಎರಡೂ ಎಕ್ಸ್-ರೇಗಳಲ್ಲಿ ಕನಿಷ್ಠ ಅರ್ಧದಷ್ಟು ಒಂದಕ್ಕೊಂದು ತಾಗಿರುವ ಮುರಿತ. ಅದೂ ಬೇಗ ಕೂಡುವ ಎಳೆಯ ನಾಯಿಯಲ್ಲಿ. ಮಂಡಿಯ ಕೆಳಗಿನ ದಪ್ಪ ಮೂಳೆ ಟಿಬಿಯಾ ಬಿರುಕುಬಿಟ್ಟು ಪಕ್ಕದ ತೆಳು ಮೂಳೆ ಫಿಬುಲಾ ಗಟ್ಟಿಯಾಗಿ ಉಳಿದಿರುವ ಮರಿ ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕದ ಮೂಳೆಯೇ ಅಲ್ಲಿ ಅರ್ಧ ಆಸರೆ.

ಪ್ಲಾಸ್ಟರ್ ಅಗ್ಗ ಎಂಬ ಭಾವನೆಗೆ ಒಂದು ತಿದ್ದುಪಡಿ ಬೇಕು. ಮರಿಗಳಿಗೆ ಅದನ್ನು ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ಬೇಗ ಬದಲಿಸಬೇಕು, ಪ್ರತಿ ಸಲವೂ ಮಂಪರು ಔಷಧಿ ಬೇಕಾಗಬಹುದು. ಒದ್ದೆಯಾದರೆ ಚರ್ಮ ಕೊಳೆಯುತ್ತದೆ, ಬಿಗಿಯಾದರೆ ಪಾದಕ್ಕೆ ರಕ್ತ ಹೋಗುವುದಿಲ್ಲ. ನಡುವಿನ ಎರಡು ಬೆರಳುಗಳ ತುದಿ ಹೊರಗೆ ಕಾಣುವಂತೆ ಕಟ್ಟಿಸಿ, ದಿನಕ್ಕೆರಡು ಸಲ ನೋಡಿ. ಆ ಎರಡು ಉಗುರುಗಳ ನಡುವಿನ ಅಂತರ ಹಿಗ್ಗಿದ್ದರೆ ಪಾದ ಊದಿದೆ ಎಂದರ್ಥ. ಕೆಟ್ಟ ವಾಸನೆ ಬಂದರೆ ಅದೇ ದಿನ ಬಿಚ್ಚಿಸಬೇಕು, "ನಾಳೆ ಹೇಗೂ ಬದಲಿಸುವುದಿದೆಯಲ್ಲ" ಎಂದು ಬಿಟ್ಟರೆ ಕಾಲೇ ಹೋಗಬಹುದು.

ಯಾವ ಮೂಳೆಗೆ ಏನು

ಪುಟ್ಟ ತಳಿಗಳ ಮುಂಗಾಲು ಬೇರೆಯದೇ ಲೋಕ. ಪೊಮೆರೇನಿಯನ್, ಟಾಯ್ ಪೂಡಲ್, ಚಿವಾವಾಗಳು ಕೈಯಿಂದಲೋ ಸೋಫಾದಿಂದಲೋ ಜಿಗಿದು ಮೊಣಕೈ ಕೆಳಗಿನ ಜೋಡಿ ಮೂಳೆಗಳಾದ ರೇಡಿಯಸ್ ಮತ್ತು ಅಲ್ನಾ ಎರಡನ್ನೂ ಮಣಿಕಟ್ಟಿನ ಸ್ವಲ್ಪ ಮೇಲೆ ಮುರಿದುಕೊಳ್ಳುತ್ತವೆ. ನೋಡಲು ಸಣ್ಣ, ನೇರ ಮುರಿತ, ಪ್ಲಾಸ್ಟರ್ ಸಾಕೆನಿಸುತ್ತದೆ. ಆದರೆ ಆ ಭಾಗದ ಮೂಳೆಗೆ ರಕ್ತನಾಳಗಳು ದೊಡ್ಡ ನಾಯಿಗಳಿಗಿಂತ ವಿರಳ, ಸುತ್ತ ಸ್ನಾಯುವೂ ಇಲ್ಲ. ಬೆರಳ ಗಾತ್ರದ ಕಾಲಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಪರಿಣಾಮವಾಗಿ ಮೂಳೆ ಕೂಡದೆ ಉಳಿಯುತ್ತದೆ, ಇಲ್ಲವೇ ಸೊಟ್ಟಗೆ ಕೂಡುತ್ತದೆ. ಇಲ್ಲಿ ಪ್ಲೇಟೇ ಸರಿ, ಸಾಮಾನ್ಯವಾಗಿ 1.5 ಅಥವಾ 2.0 ಮಿ.ಮೀ. ಸ್ಕ್ರೂ ಹಿಡಿಯುವಂಥದ್ದು. ಸ್ಕ್ರೂ ದಪ್ಪ ಮೂಳೆಯ ಅಗಲದ 40%ಕ್ಕಿಂತ ಹೆಚ್ಚಿರಬಾರದು, ಇದ್ದರೆ ತೂತಿನಲ್ಲೇ ಮೂಳೆ ಮುರಿಯುತ್ತದೆ. ರೇಡಿಯಸ್ಸಿಗೆ ಯಾರಾದರೂ ಮಜ್ಜೆಯೊಳಗೆ ಪಿನ್ ಹಾಕುತ್ತೇವೆ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ: ಅದರ ಕೊಳವೆ ಕಿರಿದು, ಪಿನ್ ಒಳಹೋಗಬೇಕಾದರೆ ಮಣಿಕಟ್ಟಿನ ಕೀಲನ್ನೇ ಕೆಡಿಸಬೇಕು.

ತೊಡೆಮೂಳೆಗೆ ಪ್ಲಾಸ್ಟರ್ ಇಲ್ಲವೇ ಇಲ್ಲ, ಸೊಂಟದ ಕೀಲನ್ನು ಅದು ಹಿಡಿಯಲಾರದು. ಮರಿಗಳಿಗೆ ಹಾಗೆ ಕಟ್ಟಿದರೆ ತೊಡೆಯ ಮುಂಭಾಗದ ಸ್ನಾಯು ಮೂಳೆಗೆ ಅಂಟಿಕೊಂಡು ಮಂಡಿ ಮಡಚದೆ ಕೋಲಿನಂತಾಗುತ್ತದೆ. ಒಮ್ಮೆ ಹಾಗಾದರೆ ಸರಿಪಡಿಸುವುದು ತೀರಾ ಕಷ್ಟ. ಮರಿಯಲ್ಲಿ ಹಲ್ಲುಹಲ್ಲಾಗಿ ಕೂಡಿಕೊಳ್ಳುವ ಅಡ್ಡ ಮುರಿತಕ್ಕೆ ಒಂದು ಪಿನ್ ಸಾಕಾಗಬಹುದು. ಆಗ ಅದು ಮಜ್ಜೆಯ ಕೊಳವೆಯ ಕಿರಿದಾದ ಜಾಗದ 60ರಿಂದ 70% ತುಂಬಬೇಕು. ಪಿನ್ ಬಾಗುವುದನ್ನು ತಡೆಯುತ್ತದೆ, ತಿರುಗುವುದನ್ನಲ್ಲ. ಮಜ್ಜೆಯೊಳಗೆ ಕೂರಿಸಿ ಸ್ಕ್ರೂಗಳಿಂದ ಆಚೀಚೆ ಬಂಧಿಸಿದ ಇಂಟರ್‌ಲಾಕಿಂಗ್ ನೇಲ್ ಎಂಬ ಸರಳು ಎರಡನ್ನೂ ತಡೆಯುತ್ತದೆ. ಚೂರುಚೂರಾದ ತೊಡೆಮೂಳೆಗೆ ಪ್ಲೇಟಿನ ಜೊತೆಗೆ ಒಳಗೊಂದು ಪಿನ್ ಹಾಕುವುದು ನಂಬಿಕೆಯ ದಾರಿ. ಪಿನ್ ಕೊಳವೆಯ 35ರಿಂದ 40% ತುಂಬಿದರೆ ಸಾಕು, ಪ್ಲೇಟಿನ ಬಾಗುವಿಕೆ ತುಂಬ ಇಳಿದು ಅದರ ಆಯಸ್ಸು ಹೆಚ್ಚುತ್ತದೆ. ಎಳೆ ನಾಯಿಯಲ್ಲಿ ತೊಡೆಮೂಳೆಯ ಗುಂಡು ತಲೆಯೇ ಬೆಳವಣಿಗೆ ಪದರದಲ್ಲಿ ಕಳಚಿದ್ದರೆ ಕೆಲವೇ ದಿನಗಳಲ್ಲಿ ಎರಡು ಮೂರು ಸಣ್ಣ ತಂತಿಗಳಿಂದ ಹಿಡಿಸಬೇಕು. ತಡವಾದರೆ ಆ ತಲೆಯನ್ನೇ ತೆಗೆದುಹಾಕುವ ಆಪರೇಷನ್ ಉಳಿಯುತ್ತದೆ. ಹಗುರ ನಾಯಿಗಳು ಅದರಲ್ಲೂ ಚೆನ್ನಾಗಿ ನಡೆಯುತ್ತವೆ.

ತೋಳಿನ ಮೂಳೆಯ ಪಕ್ಕದಲ್ಲೇ ರೇಡಿಯಲ್ ನರ ಸುತ್ತಿಕೊಂಡು ಹೋಗುತ್ತದೆ. ಆದ್ದರಿಂದ ಆಪರೇಷನ್ನಿಗೆ ಮುಂಚೆಯೇ ಪಾದದಲ್ಲಿ ನೋವಿನ ಅರಿವಿದೆಯೇ ಎಂದು ಪರೀಕ್ಷಿಸಿ ಬರೆದಿಡಬೇಕು. ಮೊಣಕೈ ಹತ್ತಿರ ಹೊರಬದಿಯ ಗುಬುಟು ಮುರಿಯುವುದು ನಾಲ್ಕು ತಿಂಗಳ ಆಸುಪಾಸಿನ ಮರಿಗಳಲ್ಲಿ, ಅದರಲ್ಲೂ ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಹೆಚ್ಚು. ಇದು ಕೀಲಿನೊಳಗಿನ ಮುರಿತ, ಕೂದಲೆಳೆಯಷ್ಟೂ ಏರುತಗ್ಗು ಉಳಿಯದಂತೆ ಜೋಡಿಸಿ, ಅಡ್ಡಕ್ಕೆ ಒಂದು ಬಿಗಿಸುವ ಸ್ಕ್ರೂ, ತಿರುಗದಂತೆ ಒಂದು ತಂತಿ ಹಾಕಬೇಕು. ಸ್ಪ್ಯಾನಿಯಲ್‌ಗಳಲ್ಲಿ ಇದೇ ಜಾಗದಲ್ಲಿ ಮೊದಲೇ ಬಿರುಕು ಇರುವುದುಂಟು. ಅದು ಸುಲಭಕ್ಕೆ ಕೂಡುವುದಿಲ್ಲ, ಸ್ಕ್ರೂ ವರ್ಷಗಟ್ಟಲೆ ಭಾರ ಹೊರಬೇಕು. ಅದಕ್ಕೇ ಅಲ್ಲಿ ಸಾಧ್ಯವಾದಷ್ಟು ದಪ್ಪ ಸ್ಕ್ರೂ. ಇನ್ನೊಂದು ಕಾಲನ್ನೂ ಪರೀಕ್ಷಿಸುವುದು ಒಳ್ಳೆಯದು.

ಟಿಬಿಯಾಕ್ಕೆ ಪ್ಲೇಟನ್ನು ಒಳಬದಿಯಲ್ಲಿ ಹಾಕುತ್ತಾರೆ. ಅಲ್ಲಿ ಚರ್ಮದ ಕೆಳಗೆ ನೇರ ಮೂಳೆಯೇ ಇರುವುದರಿಂದ ಗಾಯ ತೆರೆದ ಮುರಿತಗಳೂ ಅಲ್ಲೇ ಹೆಚ್ಚು. ಅಂಥವಕ್ಕೆ ಹೊರಗಿನಿಂದ ಪಿನ್ನುಗಳನ್ನು ಚುಚ್ಚಿ ಕಂಬಿಗೆ ಜೋಡಿಸುವ ಬಾಹ್ಯ ಫಿಕ್ಸೇಟರ್ ಅನುಕೂಲ, ಸೋಂಕಿರುವ ಜಾಗದಲ್ಲಿ ಲೋಹ ಇಡಬೇಕಾಗಿಲ್ಲ. ಮುರಿತದ ಪ್ರತಿ ಬದಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಪಿನ್. ಮರಿಗಳಲ್ಲಿ ಮಂಡಿಯ ಕೆಳಗಿನ ಉಬ್ಬು ಕಿತ್ತುಬಂದಿದ್ದರೆ ತೊಡೆಯ ಸ್ನಾಯು ಅದನ್ನು ಸದಾ ಮೇಲಕ್ಕೆಳೆಯುತ್ತಿರುತ್ತದೆ, ಪ್ಲಾಸ್ಟರ್ ಆ ಎಳೆತಕ್ಕೆ ಉತ್ತರವಲ್ಲ. ಎರಡು ಸಣ್ಣ ಪಿನ್ ಮತ್ತು ಎಂಟರ ಆಕಾರದ ತಂತಿ ಬೇಕು. ತುಂಬ ಎಳೆಯ ಮರಿಯಾದರೆ ತಂತಿಯನ್ನು ಕೆಲವು ವಾರಗಳಲ್ಲಿ ತೆಗೆಯದಿದ್ದರೆ ಅಲ್ಲಿನ ಬೆಳವಣಿಗೆಯೇ ನಿಂತುಬಿಡುತ್ತದೆ.

ಎಕ್ಸ್-ರೇಯಲ್ಲಿ ಮೊದಲ ದಿನ ಏನೂ ಕಾಣದೆ ಆಮೇಲೆ ಕಾಡುವುದು ಅಲ್ನಾದ ಕೆಳತುದಿಯ ಪದರ ಜಜ್ಜಿಹೋಗುವುದು. ಅಲ್ನಾದ ಉದ್ದದ ಸುಮಾರು 85% ಬರುವುದು ಆ ಪದರದಿಂದ. ಅದು ನಿಂತು ರೇಡಿಯಸ್ ಮಾತ್ರ ಬೆಳೆದರೆ ಕಾಲು ಹೊರಕ್ಕೆ ತಿರುಗಿ ಬಿಲ್ಲಾಗುತ್ತದೆ. ಬೆಳೆಯುವ ನಾಯಿಯ ಮುಂಗಾಲಿಗೆ ಜೋರು ಪೆಟ್ಟು ಬಿದ್ದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಎರಡೂ ಕಾಲುಗಳ ಚಿತ್ರ ತೆಗೆಸಿ ಹೋಲಿಸಿ.

ಟೇಬಲ್ಲಿನ ಮೇಲೆ

ವಯಸ್ಕ ನಾಯಿಗೆ ಆಪರೇಷನ್ನಿನ ಹಿಂದಿನ ರಾತ್ರಿ ಆಹಾರ ನಿಲ್ಲಿಸುತ್ತಾರೆ. ಪುಟ್ಟ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡಬಾರದು, ರಕ್ತದ ಸಕ್ಕರೆ ಕುಸಿಯುತ್ತದೆ. ಎಷ್ಟು ಗಂಟೆ ಎಂದು ವೈದ್ಯರನ್ನೇ ಕೇಳಿ. ಕೂದಲನ್ನು ಹಿಂದಿನ ದಿನವೇ ಬೋಳಿಸಬಾರದು, ಬ್ಲೇಡಿನ ಗೀರುಗಳಲ್ಲಿ ರಾತ್ರಿಯೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಬೋಳಿಸಿ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕದಿಂದ ಉಜ್ಜುತ್ತಾರೆ. ಚರ್ಮ ಕೊಯ್ಯುವ 30ರಿಂದ 60 ನಿಮಿಷ ಮುಂಚೆ ಸೆಫಜೋಲಿನ್ ಎಂಬ ಆಂಟಿಬಯೋಟಿಕ್ ಪ್ರತಿ ಕೆ.ಜಿ.ಗೆ 22 ಮಿ.ಗ್ರಾಂನಂತೆ ರಕ್ತನಾಳಕ್ಕೆ, ಆಮೇಲೆ ಪ್ರತಿ 90 ನಿಮಿಷಕ್ಕೊಮ್ಮೆ. ಬೆನ್ನಿಗೋ ನರಗಳ ಸುತ್ತಲೋ ಸ್ಥಳೀಯ ಅರಿವಳಿಕೆಯನ್ನೂ ಕೊಟ್ಟರೆ ಎಚ್ಚರವಾದ ಮೇಲಿನ ನೋವು ಬಹಳ ಕಡಿಮೆ. ಇದನ್ನು ಕೇಳಿ ಪಡೆಯಿರಿ.

ಮೂಳೆಗೆ ತಲುಪುವುದು ಸ್ನಾಯುಗಳನ್ನು ಕತ್ತರಿಸಿ ಅಲ್ಲ, ಎರಡು ಸ್ನಾಯುಗಳ ನಡುವೆ ದಾರಿ ಬಿಡಿಸಿ. ಬಿಗಿಹಿಡಿದ ಸ್ನಾಯುವನ್ನು ಮೆಲ್ಲಗೆ, ನಿಮಿಷಗಟ್ಟಲೆ ಎಳೆದು ದಣಿಸಿ ತುಂಡುಗಳನ್ನು ಎದುರುಬದುರು ತರುತ್ತಾರೆ. ಇಲ್ಲಿ ಎರಡು ದಾರಿಗಳು ಕವಲೊಡೆಯುತ್ತವೆ. ಎರಡೇ ತುಂಡಾದ ಸರಳ ಮುರಿತವನ್ನು ಸಂದಿಲ್ಲದಂತೆ ಕೂಡಿಸಿ ಅದುಮಿ ಹಿಡಿಸಬೇಕು. ಸಂದು ಕಿರಿದಾದಷ್ಟೂ ಅದೇ ಅಲುಗಾಟ ಅಲ್ಲಿನ ಅಂಗಾಂಶವನ್ನು ಹೆಚ್ಚು ಹಿಗ್ಗಿಸುತ್ತದೆ, ಎಳೆ ಮೂಳೆ ತಡೆಯುವುದು ಸುಮಾರು 2% ಹಿಗ್ಗುವಿಕೆಯನ್ನಷ್ಟೇ. ಹತ್ತಾರು ಚೂರಾದ ಮುರಿತದಲ್ಲಿ ಅಲುಗಾಟ ಹಲವು ಸಂದುಗಳಿಗೆ ಹಂಚಿಹೋಗುತ್ತದೆ. ಅಲ್ಲಿ ಚೂರುಗಳನ್ನು ಮುಟ್ಟದೆ, ಅವುಗಳ ರಕ್ತಸಂಪರ್ಕ ಕೀಳದೆ, ಉದ್ದ ಮತ್ತು ನೇರ ಸರಿಮಾಡಿ ಮೇಲೆ ಕೆಳಗೆ ಮಾತ್ರ ಹಿಡಿಸುತ್ತಾರೆ. ಎಕ್ಸ್-ರೇಯಲ್ಲಿ ಚೂರುಗಳು ಚೆಲ್ಲಾಡಿದಂತೆ ಕಂಡು ಮಾಲೀಕರು ಗಾಬರಿಯಾಗುತ್ತಾರೆ, ಆದರೆ ಪ್ರತಿ ಚೂರನ್ನೂ ಆರಿಸಿ ಜೋಡಿಸಲು ಹೋದ ಮುರಿತಕ್ಕಿಂತ ಇದೇ ಬೇಗ ಕೂಡುತ್ತದೆ.

3.5 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ಡ್ರಿಲ್, 2.7ಕ್ಕೆ 2.0, 2.0ಕ್ಕೆ 1.5. ಕೊರೆಯುವಾಗ ಸಲೈನ್ ಹಾಕುತ್ತಲೇ ಇರಬೇಕು, ಬಿಸಿಗೆ ಸತ್ತ ಮೂಳೆಯಲ್ಲಿ ಸ್ಕ್ರೂ ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ. ಆಳ ಅಳೆದು, ಎದುರು ಗೋಡೆಯಿಂದ 1-2 ಮಿ.ಮೀ. ಹೊರಚಾಚುವ ಸ್ಕ್ರೂ ಆರಿಸುತ್ತಾರೆ. ಸಾಮಾನ್ಯ ಪ್ಲೇಟಿಗೆ ಮುರಿತದ ಪ್ರತಿ ಬದಿಗೆ ಕನಿಷ್ಠ ಮೂರು ಸ್ಕ್ರೂ, ಸ್ಕ್ರೂವಿನ ತಲೆ ಪ್ಲೇಟಿಗೇ ಬಿಗಿಯುವ ಲಾಕಿಂಗ್ ಪ್ಲೇಟಿಗೆ ಕನಿಷ್ಠ ಎರಡು. ಪ್ಲೇಟನ್ನು ಮೂಳೆಯ ಬಾಗಿಗೆ ಹೊಂದಿಸುವಾಗ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಅದರ ಆಯಸ್ಸು ಟೇಬಲ್ಲಿನ ಮೇಲೆಯೇ ಕರಗುತ್ತದೆ. ತಂತಿ ಸುತ್ತುವುದು ಓರೆ ಮುರಿತಕ್ಕೆ ಮಾತ್ರ, ಮುರಿತದ ಗೆರೆ ಮೂಳೆಯ ದಪ್ಪದ ಎರಡು ಪಟ್ಟಾದರೂ ಉದ್ದ ಇರಬೇಕು, ತಂತಿ ಎರಡಾದರೂ ಬೇಕು. ಸಡಿಲ ತಂತಿ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಅದು ಅಲುಗಾಡಿ ರಕ್ತನಾಳಗಳನ್ನು ಸವೆಸುತ್ತದೆ.

ನಿಧಾನಕ್ಕೆ ಕೂಡುವ ಮುರಿತಕ್ಕೆ ಅದೇ ನಾಯಿಯ ತೋಳಿನ ಮೂಳೆಯ ಮೇಲ್ತುದಿಯಿಂದ ಮೆದು ಮೂಳೆ (ಒಳಗಿನ ಸ್ಪಂಜಿನಂಥ ಭಾಗ) ಕೆರೆದು ತುಂಬುತ್ತಾರೆ. ಹೊಲಿಗೆ ಮುಚ್ಚುವ ಮೊದಲು ತೆಗೆದು, ರಕ್ತದಲ್ಲಿ ನೆನೆದ ಗಾಜ್ ಬಟ್ಟೆಯಲ್ಲಿಟ್ಟು ಬೇಗ ಹಾಕಿದರೆ ಅದರ ಜೀವಕೋಶಗಳು ಉಳಿಯುತ್ತವೆ.

ಎಚ್ಚರವಾಗುವ ಮೊದಲು ಮತ್ತೆ ಎರಡು ಎಕ್ಸ್-ರೇ. ಅವನ್ನು ತೋರಿಸಲು ಕೇಳಿ, ನಾಲ್ಕು ಸಂಗತಿ ನೋಡಿ: ಮೇಲಿನ, ಕೆಳಗಿನ ಕೀಲು ಒಂದೇ ನೇರಕ್ಕಿವೆಯೇ, ಸರಳ ಮುರಿತವಾದರೆ ತುಂಡುಗಳು ತಾಗಿವೆಯೇ, ಯಾವುದಾದರೂ ಸ್ಕ್ರೂ ಕೀಲಿನೊಳಗೆ ಹೋಗಿದೆಯೇ, ಮುರಿತದ ಎರಡೂ ಬದಿ ಸ್ಕ್ರೂ ಸಾಕಷ್ಟಿವೆಯೇ. ಅವುಗಳ ಒಂದು ನಕಲನ್ನು ಮನೆಗೆ ಒಯ್ಯಿರಿ, ಮುಂದಿನ ಚಿತ್ರಗಳನ್ನು ಹೋಲಿಸಬೇಕಾದ್ದು ಇದರ ಜೊತೆಗೇ.

ಮನೆಯ ವಾರಗಳು

ಇಲ್ಲಿಂದ ಮುಂದಿನ ಫಲಿತಾಂಶ ಬಹುಪಾಲು ಸಾಕಿದವರ ಕೈಯಲ್ಲಿದೆ. ನಾಯಿ ನಿಲ್ಲಲು, ತಿರುಗಲು, ಕಾಲು ಚಾಚಲು ಸಾಕಾಗುವಷ್ಟು ಪಂಜರ ಅಥವಾ ಬೇಲಿ ಕಟ್ಟಿದ ಮೂಲೆ ಸಿದ್ಧಮಾಡಿ. ನುಣುಪು ನೆಲಕ್ಕೆ ರಬ್ಬರ್ ಚಾಪೆ ಹಾಸಿ. ಮೆಟ್ಟಿಲು, ಸೋಫಾ, ಮಂಚ, ಇತರ ನಾಯಿಗಳ ಜೊತೆ ಆಟ ಎಲ್ಲವೂ ಬಂದ್. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಕೋನ್ ಕಾಲರ್ ಹಗಲೂ ರಾತ್ರಿ ಇರಬೇಕು. ಪಾಪ ಎಂದು ಬಿಚ್ಚಿದ ಹತ್ತು ನಿಮಿಷದಲ್ಲಿ ನಾಯಿ ಇಡೀ ಹೊಲಿಗೆಯನ್ನೇ ಕಿತ್ತುಹಾಕಬಲ್ಲದು.

ಮೊದಲ ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10-15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಆಮೇಲೆ ವೈದ್ಯರು ಒಪ್ಪಿದರೆ ಕೀಲು ಮಡಚುವ ವ್ಯಾಯಾಮ: ನಾಯಿಯನ್ನು ಮಗ್ಗುಲಾಗಿಸಿ, ಕೀಲಿನ ಮೇಲೊಂದು ಕೆಳಗೊಂದು ಕೈ ಹಿಡಿದು, ನಿಧಾನಕ್ಕೆ ಮಡಚಿ ಬಿಡಿಸಿ. ಕಾಲನ್ನು ಹಿಂದಕ್ಕೆಳೆದರೆ ಅಥವಾ ತಲೆ ತಿರುಗಿಸಿ ನೋಡಿದರೆ ಅಲ್ಲಿಗೇ ನಿಲ್ಲಿಸಿ. ಒಂದು ಸಲಕ್ಕೆ 10-15 ಬಾರಿ, ದಿನಕ್ಕೆ ಎರಡು ಮೂರು ಸಲ. ತೊಡೆಮೂಳೆ ಮುರಿದ ಮರಿಗೆ ಇದನ್ನು ಬಿಟ್ಟರೆ ಮಂಡಿ ಬಿಗಿದುಹೋಗುತ್ತದೆ, ಅದಕ್ಕೆ ಕೆಲವೇ ವಾರ ಸಾಕು.

ಮೊದಲ ಎರಡು ವಾರ ಹೊರಗೆ ಹೋಗುವುದು ಮಲಮೂತ್ರಕ್ಕೆ ಮಾತ್ರ, ಗಿಡ್ಡ ಹಗ್ಗದಲ್ಲಿ, ಹಿಂಗಾಲಿನ ಆಪರೇಷನ್ನಾದರೆ ಹೊಟ್ಟೆಯ ಕೆಳಗೆ ಟವೆಲ್ ಆಸರೆ. ಮೂರನೇ ವಾರದಿಂದ 5-10 ನಿಮಿಷದ ನಡಿಗೆ, ದಿನಕ್ಕೆ ಎರಡು ಮೂರು ಸಲ. ವೇಗ ಆಮೆಯದಾಗಲಿ: ನಿಧಾನ ನಡೆದರೆ ನಾಯಿ ನಾಲ್ಕೂ ಕಾಲು ಊರಬೇಕಾಗುತ್ತದೆ, ಬೇಗ ನಡೆದರೆ ನೋವಿನ ಕಾಲನ್ನು ಎತ್ತಿಕೊಂಡು ಮೂರರಲ್ಲಿ ಕುಪ್ಪಳಿಸುತ್ತದೆ. ಆರನೇ ವಾರದ ಹೊತ್ತಿಗೆ 15-20 ನಿಮಿಷ. ಎಕ್ಸ್-ರೇ ಒಪ್ಪುವವರೆಗೆ ಓಟವಿಲ್ಲ.

ಅತಿ ಅಪಾಯದ ಕಾಲ ಮೊದಲ ವಾರವಲ್ಲ, ಎರಡರಿಂದ ಐದನೇ ವಾರ. ನೋವು ಹೋಗಿರುತ್ತದೆ, ನಾಯಿ ಕುಣಿಯುತ್ತದೆ, ಎಲ್ಲ ಸರಿಹೋಯಿತೆಂದು ಮನೆಯವರು ಬಾಗಿಲು ತೆರೆದುಬಿಡುತ್ತಾರೆ. ಆದರೆ ಆಗ ಭಾರವನ್ನೆಲ್ಲ ಹೊರುತ್ತಿರುವುದು ಇನ್ನೂ ಲೋಹವೇ. ಪ್ಲೇಟು ಬಾಗುವುದು, ಸ್ಕ್ರೂ ಕಿತ್ತುಬರುವುದು ಹೆಚ್ಚಾಗಿ ಈ ದಿನಗಳಲ್ಲಿ. ತುಂಟ ನಾಯಿಗೆ ಶಾಂತವಾಗಿರಲು ಔಷಧಿ ಇದೆ, ಕೇಳಲು ಸಂಕೋಚ ಬೇಡ.

ನೋವಿನ ಔಷಧಿಯನ್ನು ಊಟದ ಜೊತೆ, ಹೇಳಿದಷ್ಟೇ ಕೊಡಿ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ನಿಲ್ಲಿಸಿ ಫೋನ್ ಮಾಡಿ. ಮೆಲಾಕ್ಸಿಕಾಮ್, ಕಾರ್‌ಪ್ರೊಫೇನ್‌ನಂಥವುಗಳ ಜೊತೆ ಸ್ಟಿರಾಯ್ಡ್ ಎಂದೂ ಕೂಡದು. ಕ್ಯಾಲ್ಸಿಯಂ ಮಾತ್ರೆ ಸಮತೋಲನದ ಆಹಾರ ತಿನ್ನುವ ನಾಯಿಗೆ ಬೇಕಿಲ್ಲ. ದೊಡ್ಡ ತಳಿಯ ಮರಿಗಂತೂ ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಓಡಾಟ ನಿಂತಿರುವುದರಿಂದ ಆಹಾರ ಸ್ವಲ್ಪ ಇಳಿಸಿ, ಒಂದೊಂದು ಕೆ.ಜಿ. ತೂಕವೂ ಪ್ಲೇಟಿನ ಮೇಲೆ ಬೀಳುತ್ತದೆ.

ಬಾಹ್ಯ ಫಿಕ್ಸೇಟರ್ ಇದ್ದರೆ ಪಿನ್ ಚರ್ಮ ಸೇರುವ ಜಾಗವನ್ನು ಸಲೈನ್ ಅಥವಾ 0.05% ಕ್ಲೋರ್‌ಹೆಕ್ಸಿಡಿನ್‌ನಿಂದ ದಿನಾ ಒರೆಸಿ, ಚರ್ಮ ಮತ್ತು ಕಂಬಿಯ ನಡುವೆ ಗಾಜ್ ತುರುಕಿ. ಒಂದಿಷ್ಟು ಒಣ ಹಕ್ಕಳೆ ಸಹಜ, ಹಳದಿ ಕೀವು ಮತ್ತು ಒಮ್ಮೆಲೇ ಕುಂಟುವುದು ಸಹಜವಲ್ಲ. ಕಂಬಿಗೆ ಬಟ್ಟೆ ಸುತ್ತಿಡಿ, ಪೀಠೋಪಕರಣಕ್ಕೂ ನಿಮ್ಮ ಕಾಲಿಗೂ ಅದು ಸಿಕ್ಕಿಹಾಕಿಕೊಳ್ಳುತ್ತದೆ.

ಕೂಡುತ್ತಿದೆಯೇ ಇಲ್ಲವೇ

ಬಹುತೇಕ ನಾಯಿಗಳು ಕೆಲವೇ ದಿನಗಳಲ್ಲಿ ಬೆರಳು ತಾಗಿಸುತ್ತವೆ, ಎರಡು ವಾರದಲ್ಲಿ ಒಂದಿಷ್ಟು ಭಾರ ಹಾಕುತ್ತವೆ. ದಿನದಿಂದ ದಿನಕ್ಕೆ ಉತ್ತಮವಾಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಾಲೆತ್ತಿದರೆ ಕಾಯಬೇಡಿ, ಲೋಹ ಸಡಿಲವಾಗಿದೆ ಅಥವಾ ಸೋಂಕಾಗಿದೆ ಎಂದುಕೊಂಡೇ ಹೊರಡಿ. ಹೊಲಿಗೆಯಿಂದ ಸೋರಿಕೆ, ಬಿಸಿ ಊತ, ಜ್ವರ ಸೋಂಕಿನ ಗುರುತು. ತೊಡೆಯ ಪಿನ್ ಮೇಲಕ್ಕೆ ಸರಿದರೆ ಸೊಂಟದ ಹತ್ತಿರ ಮೆತ್ತನೆಯ ಗುಳ್ಳೆ ಏಳುತ್ತದೆ.

ಮೂರು ತಿಂಗಳೊಳಗಿನ ಮರಿಯ ಮೂಳೆ ಮೂರು ನಾಲ್ಕು ವಾರದಲ್ಲೇ ಕೂಡಬಹುದು, ವಯಸ್ಕ ನಾಯಿಗೆ 8ರಿಂದ 12 ವಾರ, ಗಟ್ಟಿ ಪ್ಲೇಟಿನ ಕೆಳಗೆ ಇನ್ನೂ ಹೆಚ್ಚು. ಅದಕ್ಕೆ ತಕ್ಕಂತೆ ಮರಿಗೆ ಮೂರನೇ ವಾರ, ವಯಸ್ಕಕ್ಕೆ ಆರರಿಂದ ಎಂಟನೇ ವಾರ ಎಕ್ಸ್-ರೇ. ಎರಡು ಚಿತ್ರಗಳಲ್ಲಿ ಮೂಳೆಯ ನಾಲ್ಕು ಅಂಚುಗಳು ಕಾಣುತ್ತವೆ, ಅವುಗಳಲ್ಲಿ ಮೂರರಲ್ಲಾದರೂ ಮುರಿತದ ಮೇಲೆ ಹೊಸ ಮೂಳೆ ಸೇತುವೆ ಕಟ್ಟಿದ್ದರೆ ಕೂಡಿದೆ ಎನ್ನಬಹುದು. ನಿರೀಕ್ಷಿಸಿದ ಸಮಯಕ್ಕೆ ಕೂಡದಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು: ಅಲುಗಾಟ, ಸೋಂಕು, ರಕ್ತ ಸಾಲದಿರುವುದು. ಬರೀ ಔಷಧಿಯಿಂದ ಎಲ್ಲವೂ ಸರಿಹೋಗುವುದಿಲ್ಲ. ಅಲುಗಾಟಕ್ಕೆ ಗಟ್ಟಿ ಪ್ಲೇಟು, ಸೋಂಕಿಗೆ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಿ ವಾರಗಟ್ಟಲೆ ಆಂಟಿಬಯೋಟಿಕ್, ರಕ್ತದ ಕೊರತೆಗೆ ಮೆದು ಮೂಳೆಯ ಕಸಿ. ಸೋಂಕಿದ್ದರೂ ಲೋಹ ಗಟ್ಟಿಯಾಗಿ ಹಿಡಿದಿದ್ದರೆ ಮೂಳೆ ಕೂಡುವವರೆಗೆ ಬಿಟ್ಟು ಆಮೇಲೆ ತೆಗೆಯುತ್ತಾರೆ, ಸಡಿಲವಿದ್ದರೆ ಆಗಲೇ ತೆಗೆದು ಬೇರೆ ಹಾಕಬೇಕು. ನರ ಪೂರ್ತಿ ಹರಿದ, ಮಾಂಸ ರಕ್ತ ಎರಡೂ ಉಳಿಯದ ಕಾಲಿಗೆ ಒಂದರ ಮೇಲೊಂದು ಆಪರೇಷನ್ ಮಾಡುವುದಕ್ಕಿಂತ ಕಾಲು ತೆಗೆಸುವುದು ನಾಯಿಗೆ ಹಿತ. ಮೂರು ಕಾಲಿನ ಬದುಕಿಗೆ ಅವು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಹೊಂದಿಕೊಳ್ಳುತ್ತವೆ.

ಪ್ಲೇಟನ್ನು ಎಲ್ಲರಿಗೂ ತೆಗೆಯಬೇಕಿಲ್ಲ. ಸೋಂಕು, ಸಡಿಲ, ಚಳಿಗೆ ಕುಂಟುವುದು, ಬೆಳೆಯುವ ಮರಿಯ ಮೂಳೆಯನ್ನು ಅದು ತಡೆಯುವುದು ಇಂಥ ಕಾರಣವಿದ್ದರೆ ಮಾತ್ರ. ಪುಟ್ಟ ತಳಿಗಳಲ್ಲಿ ಪ್ಲೇಟೇ ಭಾರವನ್ನೆಲ್ಲ ಹೊತ್ತು ಕೆಳಗಿನ ಮೂಳೆ ತೆಳುವಾಗುವುದುಂಟು. ಅಂಥಲ್ಲಿ ಒಮ್ಮೆಲೇ ಎಲ್ಲವನ್ನೂ ಕಿತ್ತರೆ ಹಳೆಯ ಸ್ಕ್ರೂ ತೂತಿನಲ್ಲೇ ಮತ್ತೆ ಮುರಿಯುತ್ತದೆ. ಅದಕ್ಕಾಗಿ ಕೆಲವರು ಮೊದಲು ಕೆಲವು ಸ್ಕ್ರೂ ಮಾತ್ರ ತೆಗೆದು, ಮೂಳೆ ಭಾರಕ್ಕೆ ಒಗ್ಗಿದ ಮೇಲೆ ಉಳಿದದ್ದನ್ನು ತೆಗೆಯುತ್ತಾರೆ. ಪ್ಲೇಟ್ ಪೂರ್ತಿ ಹೊರಬಂದ ಮೇಲೂ ನಾಲ್ಕರಿಂದ ಆರು ವಾರ ಹಗ್ಗದಲ್ಲೇ ನಡೆಸಬೇಕು, ಆ ತೂತುಗಳು ತುಂಬಲು ಅಷ್ಟು ಸಮಯ ಹಿಡಿಯುತ್ತದೆ.